ಉಣ್ಣಕ್ಕನ ಹತ್ತು ಬೆರಳು

ಆ ನಾಯಿಸ್ನಾನದ ಮನೆಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಗೋಡೆಯಗಲದ ಒಂದು ಫೋಟೋ. ಬಿಳಿ ನಾಯಿಯೊಂದರ ಬೆನ್ನಿನ ಮೇಲೆ ಎರಡು ಬರಿಗೈ. ಕೈ ಮಾತ್ರ, ಮುಖ ಇಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದೆ: ‘ನಮ್ಮಲ್ಲಿ ಪ್ರತಿ ನಾಯಿಯನ್ನೂ ಕೈಯಿಂದಲೇ ಪರೀಕ್ಷಿಸಲಾಗುವುದು.’

ಆ ಕೈ ಉಣ್ಣಕ್ಕನದು. ಉಣ್ಣಿ ಕೀಳುವ ಅಕ್ಕ, ಆದ್ದರಿಂದ ಉಣ್ಣಕ್ಕ. ನಾಯಿ ಕರೆತರುವವರು ಇಟ್ಟ ಹೆಸರು. ‘ಜಿಗಣೆಯಕ್ಕ ಅನ್ಲಿಲ್ವಲ್ಲ, ಪುಣ್ಯ’ ಎಂದು ಅವಳೂ ಅದನ್ನೇ ಉಟ್ಟುಕೊಂಡಳು.

ಮುಂದಿನ ಕೋಣೆಯಲ್ಲಿ ಯಜಮಾನಿಯ ಮೇಜು, ಅದರ ಪಕ್ಕಕ್ಕೆ ನಾಯಿ ಡಾಕ್ಟರರ ಕೋಣೆ. ಹಿಂದೆ ಸ್ನಾನದ ಕೋಣೆ: ಮೂರು ನಲ್ಲಿ, ಕೂದಲು ಕಟ್ಟಿಕೊಳ್ಳುವ ಒಂದು ಮೋರಿ, ಸೊಂಟದೆತ್ತರದ ತಗಡಿನ ಮೇಜು. ಅಲ್ಲಿ ಇಪ್ಪತ್ತೆರಡು ವರ್ಷ ಒಂದೇ ಪದ್ಧತಿ ನಡೆಯಿತು. ನಾಯಿಯನ್ನು ತೊಳೆದು, ಒರೆಸಿ, ಒಣಗಿಸಿ ಆದಮೇಲೆ ಉಣ್ಣಕ್ಕ ಅದನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಕಿವಿಯ ಹಿಂದೆ, ಕಿವಿಯ ಮಡಿಕೆಯೊಳಗೆ, ಕತ್ತುಪಟ್ಟಿಯ ಅಡಿ, ಕಂಕುಳು, ತೊಡೆಸಂದಿ, ಬಾಲದ ಬುಡ, ಕೊನೆಗೆ ನಾಲ್ಕು ಪಾದಗಳ ಬೆರಳಸಂದಿ. ಎಳ್ಳಿನಷ್ಟು ಉಣ್ಣಿ ಇದ್ದರೂ ಬೆರಳು ಅಲ್ಲಿ ನಿಲ್ಲುತ್ತಿತ್ತು. ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು, ತಿರುಚದೆ, ನೇರಕ್ಕೆ ಎಳೆದು ಸ್ಪಿರಿಟ್ ಬಾಟಲಿಗೆ ಹಾಕುತ್ತಿದ್ದಳು. ಎಲ್ಲ ಮುಗಿದಮೇಲೆ ಕಣ್ಣು ತೆರೆದು ‘ಆಯ್ತು’ ಅನ್ನುತ್ತಿದ್ದಳು. ಆ ‘ಆಯ್ತು’ ಬೀಳದೆ ಯಾವ ನಾಯಿಯೂ ಹೊಸ್ತಿಲು ದಾಟುವಂತಿರಲಿಲ್ಲ.

ಜನ ಮನೆಯಲ್ಲಿ ಮಾಡಿಕೊಂಡು ಬರುತ್ತಿದ್ದ ಅವಾಂತರಗಳನ್ನೆಲ್ಲ ಸರಿಪಡಿಸುತ್ತಿದ್ದವಳೂ ಅವಳೇ. ಉಣ್ಣಿಗೆ ಬೆಂಕಿಕಡ್ಡಿ ತಾಗಿಸಿ ನಾಯಿಯ ಕಿವಿ ಸುಟ್ಟವರು, ಸೀಮೆಎಣ್ಣೆ ಹಚ್ಚಿದವರು. ಒಬ್ಬ ದೊಡ್ಡ ಮನುಷ್ಯರಂತೂ ‘ಇದೊಂದು ಉಣ್ಣಿ ಎಷ್ಟು ಎಳೆದ್ರೂ ಬರ್ತಿಲ್ಲ’ ಎಂದು, ಕಿರುಚಿ ಕಿರುಚಿ ಸುಸ್ತಾದ ನಾಯಿಯನ್ನು ಎತ್ತಿಕೊಂಡು ಬಂದರು.

ಉಣ್ಣಕ್ಕ ಹೊಟ್ಟೆಯಡಿ ಕೈಯಾಡಿಸಿ ಹೇಳಿದಳು: ‘ಸ್ವಾಮಿ, ಇದು ಬರಲ್ಲ. ಬರಬಾರದು. ಇದು ಮೊಲೆತೊಟ್ಟು.’

‘ಇದು ಗಂಡು ನಾಯಿ ಕಣಮ್ಮ!’

‘ನೀವೂ ಗಂಡಸರೇ. ಅಂಗಿ ಬಿಚ್ಚಿ ನೋಡ್ಕೊಳ್ಳಿ.’

ನಾಯಿಯ ಸುರಕ್ಷೆಯ ವಿಷಯದಲ್ಲಿ ಅವಳು ಯಾರ ದಾಕ್ಷಿಣ್ಯಕ್ಕೂ ಬಗ್ಗಿದವಳಲ್ಲ. ತೂಕ ಹಾಕದೆ ಯಾವ ನಾಯಿಗೂ ಉಣ್ಣಿ ಸಾಯಿಸುವ ಔಷಧಿಯನ್ನು ನೀರಿಗೆ ಬೆರೆಸುತ್ತಿರಲಿಲ್ಲ. ಔಷಧಿ ಒಣಗುವ ತನಕ ಮೈ ನೆಕ್ಕಿಕೊಳ್ಳಲು ಬಿಡುತ್ತಿರಲಿಲ್ಲ. ದೊಡ್ಡ ನಾಯಿಯ ಔಷಧಿಯನ್ನು ಎರಡು ಸಣ್ಣ ನಾಯಿಗೆ ಹಂಚಿಬಿಡಿ ಎಂದವರಿಗೆ ಬೈಗುಳ. ಉಳಿದ ನಾಲ್ಕು ತೊಟ್ಟನ್ನು ಮನೆಯ ಬೆಕ್ಕಿಗೆ ಹಚ್ಚುತ್ತೇನೆ ಎಂದ ಹೆಂಗಸಿನ ಕೈಯಿಂದ ಟ್ಯೂಬನ್ನೇ ಕಿತ್ತುಕೊಂಡಿದ್ದಳು. ‘ನಾಯಿಗೆ ಮದ್ದಾಗಿದ್ದು ಬೆಕ್ಕಿಗೆ ವಿಷ ಆಗ್ಬಹುದು ಕಣಮ್ಮ, ಡಾಕ್ಟರನ್ನ ಕೇಳು.’

ನಾಯಿಯ ತೂಕ ನೋಡಿ ಔಷಧಿ ಅಳೆದವಳು ಅವಳು. ದಿನಕ್ಕೆ ಹನ್ನೆರಡು ನಾಯಿಯ ಔಷಧಿ ನೀರಿನಲ್ಲಿ ಮೊಣಕೈವರೆಗೆ ಮುಳುಗುವ ಹೆಂಗಸಿನ ತೂಕಕ್ಕೆ ಎಷ್ಟು ಎಂದು ಅವಳೂ ಕೇಳಲಿಲ್ಲ, ಬೇರೆ ಯಾರೂ ಕೇಳಲಿಲ್ಲ.

ಕೈಗವಸು ಇರಲಿಲ್ಲವೇ? ಇತ್ತು. ಡಾಕ್ಟರರ ಕೋಣೆಯ ಕಪಾಟಿನಲ್ಲಿ, ಡಬ್ಬಿಯೊಳಗೆ. ಕೆಲಸಕ್ಕೆ ಸೇರಿದ ಮೊದಲ ವಾರ ಉಣ್ಣಕ್ಕ ಒಂದು ಜೊತೆ ಹಾಕಿಕೊಂಡೂ ನೋಡಿದ್ದಳು. ಅರ್ಧ ದಿನದಲ್ಲಿ ಎರಡು ಉಣ್ಣಿ ತಪ್ಪಿದವು. ಕಳಚಿ ಎಸೆದಳು. ‘ಗ್ಲೌಸ್ ಹಾಕಿದ್ರೆ ಬೆರಳಿಗೆ ಕಣ್ಣು ಕಟ್ಟಿದ ಹಾಗಾಗತ್ತೆ ಡಾಕ್ಟ್ರೇ’ ಎಂದಳು. ‘ಔಷಧಿ ಬೆರೆಸೋವಾಗಲಾದ್ರೂ ಹಾಕ್ಕೋ’ ಎಂದು ಡಾಕ್ಟರು ಹೇಳಿದ್ದು ನಿಜ. ಆದರೆ ಒದ್ದೆ ಕೈಗೆ ಗ್ಲೌಸ್ ಏರುವುದಿಲ್ಲ. ಒಂದು ನಾಯಿಗೆ ಬೆರೆಸಿ, ಇನ್ನೊಂದನ್ನು ಸವರಿ, ಮತ್ತೊಂದಕ್ಕೆ ಬೆರೆಸುವ ನಡುವೆ ಕೈ ಒಣಗಿಸಿಕೊಳ್ಳುವ ಪುರುಸೊತ್ತನ್ನು ಯಾರೂ ಅವಳಿಗೆ ಕೊಟ್ಟಿರಲಿಲ್ಲ. ಯಜಮಾನಿಗೂ ಬರಿಗೈಯೇ ಬೇಕಿತ್ತು. ‘ಫೋಟೋದಲ್ಲಿ ಗ್ಲೌಸ್ ಕಂಡ್ರೆ ಆಸ್ಪತ್ರೆ ಥರ ಇರತ್ತೆ, ಜನ ಹೆದರ್ತಾರೆ’ ಎಂದಿದ್ದಳು. ಬಾಟಲಿಯ ಮೇಲೆ ಎಚ್ಚರಿಕೆಯ ಚೀಟಿ ಇತ್ತಲ್ಲ ಎಂದು ಕೇಳುವವರಿದ್ದಾರೆ. ನೀರು ಸಿಡಿಯುವ ಗೂಡಿನಲ್ಲಿ ಆ ಚೀಟಿ ಹತ್ತು ದಿನ ಬಾಳುತ್ತಿರಲಿಲ್ಲ. ಒಣ ಕೈಯವರು ಒಣ ಕೈಯವರಿಗಾಗಿ ಬರೆಯುವ ಎಚ್ಚರಿಕೆ ಅದು.

ಒಂದು ಬೆಳಿಗ್ಗೆ ಉಣ್ಣಕ್ಕ ಒಲೆಯ ಮುಂದೆ ಹಾಲು ಕಾಯಿಸುತ್ತ ನಿಂತಿದ್ದಳು. ತಂಗಿ ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ. ಬಟ್ಟೆ ಹೊಲಿಯುವ ತಂಗಿ, ನಾಯಿ ತೊಳೆಯುವ ಅಕ್ಕ. ಎರಡು ಕೋಣೆಯ ಮನೆ.

‘ಅಕ್ಕಾ, ಏನೋ ಸುಟ್ಟ ವಾಸನೆ.’

‘ಹಾಲು ತಳ ಹಿಡಿದಿರ್ಬೇಕು.’

ತಂಗಿ ಎದ್ದು ಬಂದು ನೋಡಿದಳು. ‘ಹಾಲಲ್ಲ ಕಣೇ. ನಿನ್ನ ಬೆರಳು.’

ಪಾತ್ರೆಯ ಅಂಚು ಹಿಡಿದಿದ್ದ ಎರಡು ಬೆರಳ ತುದಿ ಬಿಳಿಚಿ ಬೊಬ್ಬೆಯೆದ್ದಿತ್ತು. ಉಣ್ಣಕ್ಕ ಅದನ್ನು ಬೇರೆಯವರ ಕೈ ನೋಡುವಂತೆ ನೋಡಿದಳು. ತಂಗಿ ಬೆರಳಿಗೆ ತಣ್ಣೀರು ಬಿಟ್ಟಳು. ಆಮೇಲೆ ಕುರ್ಚಿಯಲ್ಲಿ ಕೂರಿಸಿ, ಕಿಟಕಿಯ ಕಡೆ ಮುಖ ತಿರುಗಿಸಿ, ಸೂಜಿ ತಂದಳು.

‘ಈಗ ಚುಚ್ತೀನಿ, ಹೇಳು.’

‘ಹ್ಞೂಂ, ಚುಚ್ಚು.’

‘ಚುಚ್ಚಿ ಆಯ್ತು.’

ಹತ್ತರಲ್ಲಿ ಏಳು ಬೆರಳಿಗೆ ಗೊತ್ತಾಗಲಿಲ್ಲ.

‘ಎಷ್ಟು ದಿನದಿಂದ ಹೀಗೆ?’

‘ದಿನ ಅಲ್ಲ. ಚಳಿಗಾಲದಿಂದ. ಮೊದಲು ಜುಮುಜುಮು ಅಂತಿತ್ತು. ಆಮೇಲೆ ಅದೂ ನಿಂತುಹೋಯ್ತು. ವಾಸಿ ಆಯ್ತು ಅಂದ್ಕೊಂಡೆ.’

‘ಹೇಳ್ಬೇಕಿತ್ತಲ್ವಾ?’

‘ಯಾರಿಗೆ? ನಾಯಿಗಾ?’

ತಂಗಿ ಅತ್ತಳು. ಉಣ್ಣಕ್ಕ ಅಳಲಿಲ್ಲ. ಬೊಬ್ಬೆಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋದಳು. ಅಂದು ಹನ್ನೊಂದು ನಾಯಿಗೆ ‘ಆಯ್ತು’ ಎಂದಳು.

ಇದನ್ನು ಮುಚ್ಚಿಡಬೇಕೆಂದು ಅವಳೇನೂ ಕೂತು ಲೆಕ್ಕ ಹಾಕಲಿಲ್ಲ. ಹೇಳದೆ ಒಂದು ದಿನ ಹೋಯಿತು, ಎರಡನೆಯ ದಿನ ಹೇಳುವುದು ಇನ್ನೂ ಕಷ್ಟವಾಯಿತು. ಬೆರಳು ಹೋದ ಉಣ್ಣಕ್ಕ ಯಾರಿಗೆ ಬೇಕು? ಕೈ ಮಾತ್ರ ಹಳೆಯ ದಾರಿಯಲ್ಲೇ ಓಡಾಡುತ್ತಿತ್ತು: ಕಿವಿ, ಕತ್ತು, ಕಂಕುಳು, ತೊಡೆ, ಬಾಲ. ಮಣಿಕಟ್ಟಿನ ಒಳಬದಿಗೆ ಇನ್ನೂ ಸ್ಪರ್ಶ ಇತ್ತು, ಅದನ್ನೇ ಹೊಟ್ಟೆಯಡಿ ಜಾರಿಸುತ್ತಿದ್ದಳು. ಮುದ್ದಿಸುವವಳಂತೆ ನಾಯಿಯ ಕತ್ತಿಗೆ ಕೆನ್ನೆ ಒತ್ತಿ ಹುಡುಕುತ್ತಿದ್ದಳು. ‘ಉಣ್ಣಕ್ಕಂಗೆ ಈಗೀಗ ನಾಯಿ ಮೇಲೆ ಪ್ರೀತಿ ಜಾಸ್ತಿ’ ಎಂದು ನಾಯಿ ಒರೆಸುವ ಹೆಂಗಸು ನಗುತ್ತಿದ್ದಳು. ಮಣಿಕಟ್ಟೂ ಕೆನ್ನೆಯೂ ಹೋಗಲಾರದ ಜಾಗ ಒಂದಿತ್ತು. ಬೆರಳಸಂದಿ.

ಎರಡು ವಾರಕ್ಕೊಮ್ಮೆ ಶನಿವಾರ ಡ್ರೈವರಣ್ಣ ಬರುತ್ತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಉದ್ದ ಕೂದಲಿನ ಅವನ ಕರೀ ನಾಯಿಯ ಹೆಸರು ಕಂಡಕ್ಟರ್. ಯಾವಾಗಲೂ ಹಿಂದೆಯೇ ಬರುತ್ತದೆ, ನಿಲ್ಲು ಎನ್ನಬೇಕಾದಲ್ಲಿ ಬೊಗಳುತ್ತದೆ. ಇನ್ನೇನು ಹೆಸರಿಡಬೇಕು ಎನ್ನುತ್ತಿದ್ದ. ಅವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿನ ಸರದಿಗೆ ಇನ್ನೂ ಎರಡು ತಿಂಗಳು.

‘ಏನ್ ಡ್ರೈವರಣ್ಣ, ಕಂಡಕ್ಟರ್ ಟಿಕೆಟ್ ಹರೀತಿದಾನಾ?’

‘ಟಿಕೆಟ್ ಎಲ್ಲಿ ತಾಯಿ, ನನ್ನ ಚಪ್ಪಲಿ ಹರೀತಿದಾನೆ. ಸರಿಯಾಗಿ ನೋಡವ್ವ ಇವನನ್ನ. ನನ್ನ ಮಗಳ ಷರತ್ತು ಗೊತ್ತಲ್ಲ?’

ಗೊತ್ತಿತ್ತು. ಡ್ರೈವರಣ್ಣ ಇದ್ದದ್ದು ಮಗಳ ಮನೆಯಲ್ಲಿ. ಅಲ್ಲಿ ಅಂಬೆಗಾಲಿಡುವ ಮೊಮ್ಮಗಳಿದ್ದಳು. ಮನೆಯೊಳಗೆ ಒಂದೇ ಒಂದು ಉಣ್ಣಿ ಕಂಡರೂ ನಾಯಿ ಹೊರಗೆ ಎಂದು ಮಗಳು ಮೊದಲೇ ಹೇಳಿದ್ದಳು. ಕರೀ ಕೂದಲಿನಲ್ಲಿ ಕಪ್ಪು ಹುಳ ಹುಡುಕಲು ಅಪ್ಪನ ಕಣ್ಣಿಗೆ ಆಗದು, ಮಗಳಿಗೆ ಮಗು ಬಿಟ್ಟು ಬಿಡುವಾಗದು.

‘ನಿನ್ನ ಬೆರಳೇ ನನ್ನ ಕಣ್ಣು ಕಣವ್ವ’ ಎಂದ ಡ್ರೈವರಣ್ಣ.

ಉಣ್ಣಕ್ಕ ಕಣ್ಣು ಮುಚ್ಚಿದಳು. ಕಿವಿ, ಕತ್ತು, ಕಂಕುಳು, ತೊಡೆ, ಬಾಲ. ನಾಲ್ಕು ಪಾದಗಳ ಸಂದಿಯಲ್ಲಿ ಬೆರಳು ತೂರಿಸಿ ತೆಗೆದಳು. ರಬ್ಬರಿನೊಳಗೆ ರಬ್ಬರು ಆಡಿದ ಹಾಗಿತ್ತು. ಏನೂ ಸಿಗಲಿಲ್ಲ. ಏನೂ ಇಲ್ಲದ್ದಕ್ಕೆ ಸಿಗಲಿಲ್ಲವೋ, ಇದ್ದೂ ತಿಳಿಯಲಿಲ್ಲವೋ?

‘ಆಯ್ತು’ ಎಂದಳು.

ಮುಂದಿನ ಸರದಿಯ ಶನಿವಾರವೂ ‘ಆಯ್ತು’ ಎಂದಳು.

ಅದಾಗಿ ಐದನೆಯ ದಿನ, ಗುರುವಾರ, ಡ್ರೈವರಣ್ಣನ ಮಗಳು ಕಂಡಕ್ಟರನ್ನು ದುಪ್ಪಟಿಯಲ್ಲಿ ಸುತ್ತಿ ಎತ್ತಿಕೊಂಡು ಒಳಗೆ ಬಂದಳು. ಹಿಂದೆ ಅವಳ ಹೆಗಲು ಹಿಡಿದುಕೊಂಡು ಡ್ರೈವರಣ್ಣ. ನಾಯಿ ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲ. ಡಾಕ್ಟರು ತುಟಿ ಎತ್ತಿ ನೋಡಿದರು. ಒಸಡು ಕಾಗದದ ಬಣ್ಣ. ಜ್ವರ. ಟಾರ್ಚು ಹಿಡಿದು ಮೈಯೆಲ್ಲ ಹುಡುಕಿ, ಕೊನೆಗೆ ಎಡ ಮುಂಗಾಲಿನ ಬೆರಳು ಬಿಡಿಸಿದರು. ಅಲ್ಲಿ ಮೂರು. ಎರಡು ಸಣ್ಣವು, ಒಂದು ಕುಡಿದು ಕುಡಿದು ಬಟಾಣಿಯಷ್ಟಾಗಿತ್ತು. ಮೂರನ್ನೂ ಕಿತ್ತು ತಟ್ಟೆಗೆ ಹಾಕಿದರು. ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

‘ಉಣ್ಣಿ ಜ್ವರ’ ಎಂದರು. ‘ಒಂದೆರಡು ದಿನದ್ದಲ್ಲ, ಉಣ್ಣಿ ಕಚ್ಚಿ ವಾರಗಳೇ ಆಗಿವೆ. ಇಪ್ಪತ್ತೆಂಟು ದಿನ ಮಾತ್ರೆ. ಉಳೀಬಹುದು. ಇನ್ನು ನಾಲ್ಕು ದಿನ ತಡ ಆಗಿದ್ರೆ ಕಷ್ಟ ಇತ್ತು.’

ಯಜಮಾನಿ ತನ್ನ ಮೇಜಿನಿಂದ ಎದ್ದು ಬಂದಳು. ಅವಳಿಗೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ದನಿಗೆ ಬೆಣ್ಣೆ ಸವರಿಕೊಂಡು ಹೇಳಿದಳು: ‘ನಮ್ಮ ಕಡೆಯಿಂದ ಎರಡು ವಾರಕ್ಕೊಂದು ಸಲ ಪರೀಕ್ಷೆ ಆಗಿದೆ. ಉಣ್ಣಕ್ಕನ ಕೈ ದಾಟಿ ಉಣ್ಣಿ ಹೋಗಲ್ಲ, ಊರಿಗೇ ಗೊತ್ತು. ಹುಲ್ಲು ಗಿಲ್ಲು ಅಂತ ಎಲ್ಲಾದ್ರೂ ಓಡಾಡ್ಸಿದ್ರಾ?’

‘ಕಾಲುವೆ ಪಕ್ಕ ಕರ್ಕೊಂಡು ಹೋಗ್ತಾರೆ’ ಎಂದಳು ಮಗಳು. ‘ಬೇಡಪ್ಪಾ ಅಂತ ನೂರು ಸಲ ಹೇಳಿದೀನಿ.’

‘ನೋಡಿ ಮತ್ತೆ’ ಎಂದಳು ಯಜಮಾನಿ.

ಡ್ರೈವರಣ್ಣ ನಾಯಿಯ ತಲೆ ಎಲ್ಲಿದೆಯೆಂದು ತಡಕಿ, ಅಲ್ಲಿ ಕೈಯಿಟ್ಟ. ‘ನನ್ನದೇ ತಪ್ಪಮ್ಮ. ಕಣ್ಣು ಕಾಣದೋನಿಗೆ ನಾಯಿ ಯಾಕೆ ಬೇಕಿತ್ತು?’

‘ಬೈತಿಲ್ಲಪ್ಪ. ಆದ್ರೆ ಮಗು ನೆಲದ ಮೇಲೆ ಹರಿದಾಡತ್ತೆ. ಇವನು ಹುಷಾರಾಗ್ಲಿ, ಆಮೇಲೆ ತೋಟ ಗೀಟ ಇರೋರಿಗೆ ಯಾರಿಗಾದ್ರೂ ಕೊಟ್ಬಿಡೋಣ.’

ಡ್ರೈವರಣ್ಣ ನಾಯಿಯ ತಲೆಯಿಂದ ಕೈ ತೆಗೆದ. ‘ಆಯ್ತು’ ಎಂದ.

ಸ್ನಾನದ ಕೋಣೆಯ ಬಾಗಿಲಲ್ಲಿ ನಿಂತಿದ್ದ ಉಣ್ಣಕ್ಕ ಅದನ್ನು ಕೇಳಿಸಿಕೊಂಡಳು. ಕೈಯಿಂದ ಔಷಧಿ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಅಂಗಿಗೆ ಒರೆಸಿಕೊಂಡು ಒಳಗೆ ಬಂದು, ತಟ್ಟೆಯಲ್ಲಿದ್ದ ಬಟಾಣಿಯಂಥ ಉಣ್ಣಿಯನ್ನು ಚಿಮಟದಿಂದ ಎತ್ತಿ ತನ್ನ ತೋರುಬೆರಳಿನ ತುದಿಯ ಮೇಲೆ ಇಟ್ಟುಕೊಂಡಳು. ಅದು ಕಾಲಾಡಿಸುತ್ತಿತ್ತು.

‘ಡಾಕ್ಟ್ರೇ, ಇದು ನನ್ನ ಬೆರಳ ಮೇಲಿದೆ ಅಲ್ವಾ? ಕಣ್ಣು ಮುಚ್ಚಿದ್ರೆ ಇಲ್ಲ.’

ಯಾರಿಗೂ ಅರ್ಥವಾಗಲಿಲ್ಲ.

‘ನನ್ನ ಬೆರಳಿಗೆ ಗೊತ್ತಾಗಲ್ಲ. ಚಳಿಗಾಲದಿಂದ. ಇವನು ಸ್ವಚ್ಛ ಅಂತ ಎರಡು ಶನಿವಾರ ಹೇಳ್ದೋಳು ನಾನು. ಗೊತ್ತಿಲ್ದೆ ಹೇಳ್ದೆ.’

‘ಉಣ್ಣಕ್ಕ, ಹಿಂದೆ ಹೋಗು. ಆಮೇಲೆ ಮಾತಾಡೋಣ’ ಎಂದಳು ಯಜಮಾನಿ. ಈಗ ದನಿಯಲ್ಲಿ ಬೆಣ್ಣೆ ಇರಲಿಲ್ಲ.

‘ಆಮೇಲೆ ಆದ್ರೆ ಹೇಳಲ್ಲ ಮೇಡಂ. ಇಷ್ಟು ದಿನ ಹಾಗೇ ಆಗಿದ್ದು.’

ಡಾಕ್ಟರು ಉಣ್ಣಿಯನ್ನು ತೆಗೆದು ಬಾಟಲಿಗೆ ಹಾಕಿ ಅವಳ ಕೈ ಹಿಡಿದು ನೋಡಿದರು. ಉಗುರಿನ ಸುತ್ತ ಸೀಳು, ಚರ್ಮ ಹಳೆಯ ಸೋಪಿನ ಹಾಗೆ ಬಿರಿದಿತ್ತು. ಸುಟ್ಟ ಗುರುತೂ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಇಪ್ಪತ್ತೆರಡು ವರ್ಷ ಎಲ್ಲರ ಕಣ್ಣೆದುರು, ಗೋಡೆಯ ಫೋಟೋದಲ್ಲಿ ಸಹ ಇದ್ದ ಕೈ ಅದು.

‘ಔಷಧಿಯಿಂದ ಇರಬಹುದು. ಬೇರೆ ಕಾರಣಾನೂ ಇರಬಹುದು. ಪರೀಕ್ಷೆ ಮಾಡಿಸ್ಬೇಕು’ ಎಂದರು ಡಾಕ್ಟರು.

‘ಇರಬಹುದು’ ಎಂಬುದು ಪ್ರಾಮಾಣಿಕ ಮಾತು, ತಕರಾರಿಲ್ಲ. ಆದರೆ ನಾಯಿಯ ರಕ್ತವನ್ನು ಗಾಜಿನ ಮೇಲಿಟ್ಟು ನೋಡಿ ಹತ್ತೇ ನಿಮಿಷದಲ್ಲಿ ಹೆಸರು ಹೇಳಿದ ಕೋಣೆಯಲ್ಲೇ ಆ ಹೆಂಗಸಿಗೆ ಸಿಕ್ಕಿದ್ದು ಬರೀ ‘ಇರಬಹುದು’. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯನ್ನು ಯಾರಾದರೂ ಪರೀಕ್ಷೆಗೆಂದು ಹಿಡಿದದ್ದು ಅದೇ ಮೊದಲು. ರಕ್ತ ಕುಡಿಯುವುದನ್ನು ಹುಡುಕಿ ಕಿತ್ತು ಬಾಟಲಿಗೆ ಹಾಕುವುದು ಒಳ್ಳೆಯ ಕೆಲಸವೇ. ನಾವು ಅದನ್ನು ನಾಯಿಯ ಮೈಯಲ್ಲಿ ಮಾತ್ರ ಹುಡುಕುತ್ತೇವೆ.

‘ಹಾಗಾದ್ರೆ ಕಾಲುವೆ ಪಕ್ಕದ್ದಲ್ವಾ?’ ಎಂದು ಕೇಳಿದ ಡ್ರೈವರಣ್ಣ, ದನಿ ಬಂದ ಕಡೆ ಮುಖ ಮಾಡಿ.

ಅಲ್ಲ ಎಂದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಉಣ್ಣಕ್ಕ ಹಾಗೆ ಹೇಳಲಿಲ್ಲ.

‘ಕಾಲುವೆ ಪಕ್ಕದ್ದೇ ಇದ್ರೂ ಇರಬಹುದು ಡ್ರೈವರಣ್ಣ. ಉಣ್ಣಿ ಎಲ್ಲಿಂದಾದ್ರೂ ಬರತ್ತೆ. ನಾಯಿ ಅಂದ್ಮೇಲೆ ಹುಲ್ಲಿಗೆ ಹೋಗತ್ತೆ. ಹಿಡೀಲಿಕ್ಕೆ ನಾನಿದ್ದೆ. ನಾನು ಹಿಡೀಲಿಲ್ಲ.’ ಆಮೇಲೆ ಮಗಳ ಕಡೆ ತಿರುಗಿದಳು. ‘ನಿಮ್ಮಪ್ಪನ ತಪ್ಪಲ್ಲಮ್ಮ. ನಾಯೀನ ಕೊಡೋದು ಬಿಡೋದು ನಿನಗೆ ಸೇರಿದ್ದು. ಆದ್ರೆ ಇವರ ತಪ್ಪಿಗೆ ಅಂತ ಕೊಡ್ಬೇಡ.’

ಮಗಳು ದುಪ್ಪಟಿ ಸರಿಮಾಡಿ ನಾಯಿಯನ್ನು ಎತ್ತಿಕೊಂಡಳು.

ಅಂದು ಸಂಜೆ ಡಾಕ್ಟರು ಚಳಿಗಾಲದಿಂದ ಈಚೆಗೆ ಬಂದ ನಾಯಿಗಳ ಮನೆಯವರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿದರು. ‘ಒಮ್ಮೆ ಕರ್ಕೊಂಡು ಬನ್ನಿ, ಮತ್ತೆ ನೋಡ್ತೀವಿ.’ ಉಣ್ಣಕ್ಕ ಪಕ್ಕದಲ್ಲಿ ಕುಳಿತು ನಾಯಿಗಳ ನೆನಪು ಮಾಡಿಕೊಟ್ಟಳು: ಕುಂಟ ಬಿಳಿಯ, ಬೇಕರಿಯವರ ಕಂದು, ಮೂತಿ ಮೇಲೆ ಮಚ್ಚೆ ಇರೋದು. ಬಂದ ನಾಯಿಗಳಲ್ಲಿ ಇನ್ನೂ ನಾಲ್ಕರ ಬೆರಳಸಂದಿಯಲ್ಲಿ ಉಣ್ಣಿ ಸಿಕ್ಕಿತು. ಜ್ವರ ಯಾವುದಕ್ಕೂ ಬಂದಿರಲಿಲ್ಲ. ಅದು ಅದೃಷ್ಟ. ಅದರಲ್ಲಿ ಯಾರ ಹೆಚ್ಚುಗಾರಿಕೆಯೂ ಇಲ್ಲ.

ಯಜಮಾನಿ ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಮೇಜಿನಿಂದ ತೆಗೆದು ಟವೆಲ್ಲುಗಳಿಗೆ ಹಾಕಿದಳು. ಚಿಗಟದ ಮೊಟ್ಟೆ ಉಳಿಯದ ಹಾಗೆ ನಾಯಿ ಒರೆಸಿದ ಟವೆಲ್ಲುಗಳನ್ನೆಲ್ಲ ಹಂಡೆಯಲ್ಲಿ ಕುದಿಸುವ ಕೆಲಸ. ಮೇಜಿಗೆ ಈಗ ನಾಯಿ ಒರೆಸುತ್ತಿದ್ದ ಹೆಂಗಸು ಬಂದಿದ್ದಾಳೆ. ಕತ್ತು ತಿರುಗಿಸಬಹುದಾದ ದೀಪ ಬಂದಿದೆ, ಸಣ್ಣ ಹಲ್ಲಿನ ಬಾಚಣಿಗೆ ಬಂದಿದೆ. ಕೈಗವಸಿನ ಡಬ್ಬಿ ಕಪಾಟಿನಿಂದ ಇಳಿದು ಔಷಧಿಯ ಪಕ್ಕಕ್ಕೆ ಬಂದಿದೆ. ಎಲ್ಲವೂ ಒಂದೇ ವಾರದಲ್ಲಿ. ಇಪ್ಪತ್ತೆರಡು ವರ್ಷ ಆಗದಿದ್ದದ್ದು ಒಂದು ವಾರದಲ್ಲಿ ಆಗುವುದಾದರೆ, ಅದು ಎಂದೂ ಕಷ್ಟದ್ದಾಗಿರಲಿಲ್ಲ ಎಂದರ್ಥ. ಗೋಡೆಯ ಫೋಟೋ ಮಾತ್ರ ಅಲ್ಲೇ ಇದೆ.

ಇಪ್ಪತ್ತೆಂಟು ದಿನದ ಮಾತ್ರೆ ಮುಗಿದ ಮರುದಿನ ಡ್ರೈವರಣ್ಣ ಮಗಳೊಡನೆ ಬಂದ. ಕಂಡಕ್ಟರ್ ಸ್ವಂತ ಕಾಲ ಮೇಲೆ ನಡೆದು ಬಂದಿತು, ಎಂದಿನಂತೆ ಹಿಂದಿನಿಂದ. ಮೈ ಇಳಿದಿತ್ತು. ಮಗಳು ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ‘ವಾರಕ್ಕೊಂದು ಸಲ ಕರ್ಕೊಂಡು ಬರ್ತೀನಿ, ನಾನೇ ನಿಂತು ನೋಡ್ತೀನಿ’ ಎಂದಳು, ಜಗಳಕ್ಕೆ ಬಂದವಳ ಹಾಗೆ.

ಹೊಸ ಹೆಂಗಸು ದೀಪ ಬಗ್ಗಿಸಿ, ಬಾಚಣಿಗೆ ಆಡಿಸಿ, ಎಲ್ಲ ನೋಡಿದಳು.

‘ಉಣ್ಣಕ್ಕ ಎಲ್ಲಿ?’ ಎಂದ ಡ್ರೈವರಣ್ಣ. ‘ಅವಳು ಬಂದು ಆಯ್ತು ಅನ್ಲಿ. ಇಲ್ದಿದ್ರೆ ನನಗೆ ಆಗಲ್ಲ.’

ಉಣ್ಣಕ್ಕ ಬಂದಳು. ನಾಯಿ ಬಾಲ ಆಡಿಸಿತು. ಅವಳು ಅದನ್ನು ಮುಟ್ಟಲಿಲ್ಲ.

‘ನಾನು ಹೇಳಲ್ಲ ಡ್ರೈವರಣ್ಣ. ನನಗೆ ಗೊತ್ತಾಗದ್ದನ್ನ ಇನ್ನು ಹೇಳಲ್ಲ.’ ಹೊಸ ಹೆಂಗಸಿನ ಕಡೆ ತಿರುಗಿದಳು. ‘ಔಷಧಿ ಬೆರೆಸಿದ ಕೈನಾ ಇದು?’

‘ಗ್ಲೌಸ್ ಹಾಕಿದ್ದೆ ಅಕ್ಕ. ಈಗ ತಾನೇ ತೆಗ್ದೆ.’

‘ತೋರ್ಸು.’

ಹೆಂಗಸು ಅಂಗೈ ಚಾಚಿದಳು. ಉಣ್ಣಕ್ಕ ಅದನ್ನು ದೀಪದಡಿ ಹಿಡಿದು, ಬೆರಳ ತುದಿಗಳನ್ನು ಒಂದೊಂದಾಗಿ ನೋಡಿದಳು. ಸೀಳಿರಲಿಲ್ಲ, ರಕ್ತ ಆಡುತ್ತ ಕೆಂಪಗಿದ್ದವು.

‘ಸರಿ. ಎಡ ಮುಂಗಾಲು ಎತ್ತು. ಕಡೇ ಎರಡು ಬೆರಳ ನಡುವೆ ಬಿಡಿಸು. ಇನ್ನೂ ಒಳಗೆ. ದೀಪ ಅಲ್ಲಿಗೆ ತಿರುಗ್ಸು. ಅಲ್ಲೇ ನಾನು ಬಿಟ್ಟಿದ್ದು.’

ಹೆಂಗಸು ನೋಡಿದಳು, ಬೆರಳಿಟ್ಟು ಸವರಿದಳು. ಡ್ರೈವರಣ್ಣನ ಮಗಳೂ ಬಗ್ಗಿ ನೋಡಿದಳು. ಉಳಿದ ಮೂರು ಪಾದಗಳನ್ನೂ ನೋಡಿದರು.

‘ಆಯ್ತು’ ಎಂದಳು ಹೊಸ ಹೆಂಗಸು.

‘ರೈಟ್ ರೈಟ್’ ಎಂದ ಡ್ರೈವರಣ್ಣ. ಕಂಡಕ್ಟರ್ ಮೇಜಿನಿಂದ ಧುಮುಕಿತು.

ಉಣ್ಣಕ್ಕ ಹಂಡೆಯ ಬಳಿಗೆ ಹೋದಳು. ನೀರು ಕುದಿಯುತ್ತಿತ್ತು. ಟವೆಲ್ಲು ಎತ್ತುವ ಕೋಲಿಗೆ ತಂಗಿ ನಡುವೆ ಕೆಂಪು ಬಟ್ಟೆ ಸುತ್ತಿ ಹೊಲಿದುಕೊಟ್ಟಿದ್ದಾಳೆ. ಅದರ ಕೆಳಗೆ ಕೈ ಹೋಗಬಾರದು. ಉಣ್ಣಕ್ಕ ಬಟ್ಟೆ ಎಲ್ಲಿದೆಯೆಂದು ಕಣ್ಣಿಂದ ನೋಡಿಕೊಂಡು, ಅದರ ಮೇಲೆ ಹಿಡಿದಳು.